ಅಳಿಯನ ಹೊಟ್ಟೆಯ ಬೈಪಾಸ್

ಮಕ್ಕಳೇ, ಈ ವಾರ ಹಳೆಯ ನಾಣ್ಯಗಳ ಕಥೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ನಾಣ್ಯಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಂದು ವಾರ ಡಬ್ಬಿಯಲ್ಲೇ ಇರಲಿ. ಹೋದ ಭಾನುವಾರ ಊಟಕ್ಕೆ ಕೂತಾಗ ಆರನೇ ಇಯತ್ತೆಯ ನನ್ನ ಮೊಮ್ಮಗ ಒಂದು ಪ್ರಶ್ನೆ ಕೇಳಿದ. ಅದಕ್ಕೆ ಉತ್ತರ ಕೊಡುವುದು ಮೊದಲ ಕೆಲಸ.

ಅಂದು ನನ್ನ ಅಕ್ಕನ ಮಗ ರಾಯಬಾಗ ಕಡೆಯಿಂದ ಚಿಕ್ಕೋಡಿಗೆ ನಮ್ಮ ಮನೆಗೆ ಬಂದಿದ್ದ. ಎಲ್ಲರ ಮುಂದೆ ತಾಟು, ಅವನ ಮುಂದೆ ಮಾತ್ರ ಒಂದು ಸಣ್ಣ ಬಟ್ಟಲು. ಅದರಲ್ಲಿ ನಾಲ್ಕು ಚಮಚ ಮಡಿಕೆಕಾಳಿನ ಪಲ್ಯ, ಪಕ್ಕದಲ್ಲಿ ಅಂಗೈಯಷ್ಟು ಜೋಳದ ರೊಟ್ಟಿ. ನಾವೆಲ್ಲ ಉಂಡು ಕೈ ತೊಳೆದು ಬಂದರೂ ಅವನು ಇನ್ನೂ ಅಗಿಯುತ್ತಲೇ ಇದ್ದ. ಮೊಮ್ಮಗ ತಡೆಯಲಾರದೆ ಕೇಳಿಯೇಬಿಟ್ಟ:

"ಅಜ್ಜಾ, ಮಾಮಾನ ಹೊಟ್ಟಿ ಕೊಯ್ದು ತಗದ ಒಗದಾರಂತ, ಖರೇನಾ? ಹಂಗಾರ ಉಂಡದ್ದು ಎಲ್ಲಿ ಹೋಗತೈತಿ?"

ಅವನ ಅವ್ವ ಕಣ್ಣು ಬಿಟ್ಟಳು. ಅಳಿಯ ಮಾತ್ರ ನಕ್ಕ. "ನಿಮ್ಮ ಅಜ್ಜಾರನ್ನ ಕೇಳಪಾ. ಡಾಕ್ಟರ್ ಹೇಳಿದ್ದನ್ನೆಲ್ಲಾ ವಹಿ ತುಂಬ ಬರಕೊಂಡಾರ."

ಬರೆದುಕೊಂಡದ್ದು ನಿಜ. ನಿಪ್ಪಾಣಿ, ಅಥಣಿ, ರಾಯಬಾಗ ಎಂದು ಊರೂರು ತಿರುಗಿ ಬ್ಯಾಂಕಿನಲ್ಲಿ ಲೆಜರ್ ಬರೆದವನು ನಾನು. ಕೇಳಿದ್ದನ್ನು ಬರೆದಿಡದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆ ವಹಿ ಈಗ ಮತ್ತೆ ಹೊರಗೆ ಬಂದಿದೆ. ಆದರೆ ಅದನ್ನು ಬಿಚ್ಚುವ ಮುಂಚೆ ನನ್ನ ತಪ್ಪನ್ನು ಹೇಳಿಕೊಳ್ಳಬೇಕು.

ಈ ಅಳಿಯ ಸಣ್ಣವನಿದ್ದಾಗಲೇ ಗುಂಡಗುಂಡಗೆ ಇದ್ದ. ಆಗ ನಮಗೆಲ್ಲ ಅದು ಹೆಮ್ಮೆ. ಉಂಡುಟ್ಟ ಮನೆತನದ ಕೂಸು ಎಂದು ಎತ್ತಿ ಆಡಿಸುತ್ತಿದ್ದೆವು. ನಮ್ಮದು ಕಬ್ಬಿನ ಸೀಮೆ, ಬೆಲ್ಲಕ್ಕೆ ಬರವಿಲ್ಲ, ಅಕ್ಕನ ಮನೆಯಲ್ಲಿ ಹಯನಕ್ಕೂ ಬರವಿರಲಿಲ್ಲ. ಹತ್ತು ವರ್ಷ ದಾಟಿದ ಮೇಲೆ ಅದೇ ನಾವು ಅವನಿಗೆ ಹೆಸರಿಡತೊಡಗಿದೆವು. ನಾನಿಟ್ಟ ಹೆಸರು 'ಗೋಣಿಚೀಲ'. ಸಾಲಿಯ ಹುಡುಗರೂ ಅದನ್ನೇ ಹಿಡಿದರು. ಅವನು ಆಟದ ಬಯಲಿಗೆ ಹೋಗುವುದನ್ನೇ ಬಿಟ್ಟ. ಅದು ನನಗೆ ಗೊತ್ತಾದದ್ದು ಮೂವತ್ತು ವರ್ಷದ ನಂತರ, ಆಸ್ಪತ್ರೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತಾಗ. "ಮಾಮಾ, ನೀವು ನಗಿಚಾಟಕಿ ಅಂದಿದ್ರಿ. ನಾ ಮಾತ್ರ ಕಬಡ್ಡಿ ಬಿಟ್ಟೆ" ಎಂದ. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುವುದು ಹಗುರವಾಗುತ್ತಿತ್ತು.

ದೊಡ್ಡವನಾದ ಮೇಲೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ವ್ಯವಹಾರ ಹಿಡಿದ. ಹಂಗಾಮು ಶುರುವಾದರೆ ಹಗಲು ರಾತ್ರಿ ಜೀಪಿನಲ್ಲಿ ಕೂತೇ ಇರುವುದು, ಹೊತ್ತಲ್ಲದ ಹೊತ್ತಿನಲ್ಲಿ ಭಜಿ, ಚಹಾ. 33ಕ್ಕೆ ಸಕ್ಕರೆ ಕಾಯಿಲೆ ಬಂತು, ಆಮೇಲೆ ರಕ್ತದೊತ್ತಡ, ಆಮೇಲೆ ದಿನಕ್ಕೆ ಎರಡು ಸಲ ಇನ್ಸುಲಿನ್. 41ಕ್ಕೆ ತೂಕ 132 ಕಿಲೋ. ಮಲಗಿದರೆ ಗೊರಕೆ ಪಡಸಾಲೆಗೆ ಕೇಳುತ್ತಿತ್ತು. ನಡುನಡುವೆ ಆ ಗೊರಕೆ ನಿಂತೇಹೋಗುತ್ತಿತ್ತು. ಅವನ ಹೆಂಡತಿ ಗಾಬರಿಯಾಗಿ ಅಲುಗಿಸಿ ಎಬ್ಬಿಸುತ್ತಿದ್ದಳು. ಗಂಟಲಿನ ಸುತ್ತಲಿನ ಕೊಬ್ಬು ನಿದ್ದೆಯಲ್ಲಿ ಉಸಿರಿನ ದಾರಿಯನ್ನು ಮುಚ್ಚುತ್ತದೆ, ಹಾಗಾಗಿ ರಾತ್ರಿಯಿಡೀ ಮಲಗಿದರೂ ನಿದ್ದೆಯಾಗುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಒಂದು ದಿನ ಅಥಣಿಯಿಂದ ಮಗಳನ್ನು ಕರೆದುಕೊಂಡು ಬರುವಾಗ ಜೀಪು ನಡೆಸುತ್ತಲೇ ಅವನಿಗೆ ನಿದ್ದೆ ಹತ್ತಿತು. ಗಾಡಿ ಕಾಲುವೆಯ ಏರಿ ಹತ್ತಿ ಒಂದು ಜಾಲಿಗಿಡಕ್ಕೆ ಆತು ನಿಂತಿತು. ಆ ಗಿಡ ಅಲ್ಲಿರದಿದ್ದರೆ ಈ ಲೇಖನ ಬೇರೆಯೇ ಆಗುತ್ತಿತ್ತು. ಮಗಳಿಗೆ ಹಣೆಗೆ ಮೂರು ಹೊಲಿಗೆ ಬಿದ್ದವು. ಅಂದಿನಿಂದ ಅಳಿಯ ಸ್ಟೇರಿಂಗ್ ಮುಟ್ಟಲಿಲ್ಲ.

"ಬಾಯಿ ಕಟ್ಟು, ಎಲ್ಲಾ ಬರೋಬರಿ ಆಗತೈತಿ" ಎಂದು ನಾನು ಅವನಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅವನು ಬಾಯಿ ಕಟ್ಟಿರಲಿಲ್ಲವೆಂದಲ್ಲ. ಎರಡು ಸಲ 12 ಕಿಲೋ ಇಳಿಸಿದ್ದ. ಎರಡು ಸಲವೂ 15 ಕಿಲೋ ತಿರುಗಿ ಬಂತು, ಬಡ್ಡಿ ಸಮೇತ. ಇದು ಮನಸ್ಸಿನ ದುರ್ಬಲತೆ ಎಂದು ನಾನು ತಿಳಿದಿದ್ದೆ. ಬೆಳಗಾವಿಯ ಸರ್ಜನ್ ಸಾಹೇಬರು ಬೇರೆಯೇ ಹೇಳಿದರು. ಶರೀರ ತನ್ನ ದೊಡ್ಡ ತೂಕವನ್ನೇ ಸರಿಯೆಂದು ಹಿಡಿದುಕೊಂಡುಬಿಡುತ್ತದಂತೆ. ತೂಕ ಇಳಿದರೆ ಬರಗಾಲ ಬಂತೆಂದು ತಿಳಿದು ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ಕಡಿಮೆ ಮಾಡುತ್ತದೆ. ಹೊಟ್ಟೆಯಿಂದ ಮೆದುಳಿಗೆ 'ಹಸಿದಿದೆ' ಎಂದು ಸುದ್ದಿ ಮುಟ್ಟಿಸುವ ಒಂದು ಹಾರ್ಮೋನು ಇದೆ, ಹೆಸರು ಗ್ರೆಲಿನ್. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಅದನ್ನು ಕಂಡುಹಿಡಿದರು. ಉಪವಾಸ ಮಾಡಿ ತೂಕ ಇಳಿಸಿದವರಲ್ಲಿ ಇದು ಏರುತ್ತದೆ. ಅಂದರೆ ಅಳಿಯ ಪ್ರತಿ ಸಲವೂ ತನ್ನ ಶರೀರದ ಜೊತೆಗೇ ಜಗಳವಾಡುತ್ತಿದ್ದ, ನಾನು ದಂಡೆಯ ಮೇಲೆ ನಿಂತು ಬುದ್ಧಿ ಹೇಳುತ್ತಿದ್ದೆ.

ಈಗ ಒಂದು ಲೆಕ್ಕ. ಬೆಲ್ಜಿಯಂ ದೇಶದಲ್ಲಿ ಅಡಾಲ್ಫ್ ಕೆಟ್ಲೆ ಎಂಬ ಖಗೋಳಶಾಸ್ತ್ರಜ್ಞನಿದ್ದ, ಗಣಿತದವನು, ವೈದ್ಯನಲ್ಲ. 1830ರ ದಶಕದಲ್ಲಿ ಅವನು ಜನರ ಎತ್ತರ-ತೂಕಗಳನ್ನು ಕಲೆಹಾಕಿ ಒಂದು ಸೂತ್ರ ಕಂಡ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಇದನ್ನೇ ಈಗ ಬಿ.ಎಂ.ಐ. ಎನ್ನುತ್ತಾರೆ. ಅಳಿಯನ ಎತ್ತರ 1.68 ಮೀಟರ್. ಅದರ ವರ್ಗ 2.82. 132ನ್ನು ಅದರಿಂದ ಭಾಗಿಸಿದರೆ 46.8. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಯುರೋಪಿನವರಿಗಿಂತ ನಮಗೆ ಗೆರೆಯನ್ನು ಕೆಳಗೆ ಎಳೆದಿದ್ದಾರೆ, ಏಕೆಂದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂತು ಸಕ್ಕರೆ ಕಾಯಿಲೆ ಬರುತ್ತದೆ.

ಇಲ್ಲಿ ನಿಲ್ಲಿ. ಕ್ಯಾಲ್ಕುಲೇಟರ್ ಹಿಡಿದು ವರ್ಗದ ಗೆಳೆಯರ ತೂಕ ಭಾಗಿಸಲು ಹೋಗಬೇಡಿ. ಈ ಗೆರೆಗಳು ದೊಡ್ಡವರಿಗೆ ಮಾತ್ರ. ಬೆಳೆಯುವ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ತಖ್ತೆಯೇ ಇದೆ, ಅದನ್ನು ಮಕ್ಕಳ ಡಾಕ್ಟರು ನೋಡುತ್ತಾರೆ. ಗೆಳೆಯನಿಗೆ ಹೆಸರಿಡುವ ಮುಂಚೆ ಗೋಣಿಚೀಲದ ಕಥೆಯನ್ನು ಇನ್ನೊಮ್ಮೆ ಓದಿ.

2022ರಲ್ಲಿ ಡಾಕ್ಟರು ಆಪರೇಶನ್ ಎಂದಾಗ ಅಕ್ಕ ಊಟ ಬಿಟ್ಟಳು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಲು ಹೋಗಿ ಜೀವ ಕಳೆದುಕೊಂಡ ಸುದ್ದಿಯನ್ನು ಅಕ್ಕ ಟಿ.ವಿ.ಯಲ್ಲಿ ನೋಡಿದ್ದಳು. "ತಮ್ಮಾ, ದಪ್ಪ ಇದ್ರ ಇರ್ಲಿ, ಮಗಾ ಉಳದ್ರ ಸಾಕು" ಎಂದು ಅತ್ತಳು. ಅವಳಿಗೆ ಏನು ಹೇಳಬೇಕೋ ನನಗೂ ತಿಳಿಯದು. ಅದಕ್ಕೇ ವಹಿ ತೆಗೆದುಕೊಂಡು ಅಳಿಯನ ಜೊತೆ ಬೆಳಗಾವಿಗೆ ಹೋದೆ.

ಸರ್ಜನ್ ಸಾಹೇಬರು ಮೊದಲು ಅದನ್ನೇ ಬಿಡಿಸಿ ಹೇಳಿದರು. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಆಕಾರ ತಿದ್ದುವ ಚಿಕಿತ್ಸೆ, ಅದು ಬೊಜ್ಜಿನ ರೋಗಕ್ಕೆ ಔಷಧವಲ್ಲ. ಬೈಪಾಸ್ ಎಂದರೆ ಕೊಬ್ಬನ್ನು ಮುಟ್ಟುವುದೇ ಇಲ್ಲ, ಅನ್ನದ ದಾರಿಯನ್ನು ಬದಲಿಸುತ್ತಾರೆ. ಆಮೇಲೆ ಕೊಬ್ಬನ್ನು ಶರೀರವೇ ಕರಗಿಸಿಕೊಳ್ಳಬೇಕು. ಅಪಾಯ ಇಲ್ಲವೇ ಎಂದು ಕೇಳಿದೆ. ಇದೆ ಎಂದರು. ಪಳಗಿದ ಕೈಯಲ್ಲೂ ಸಾವಿರಕ್ಕೆ ಒಬ್ಬಿಬ್ಬರ ಜೀವಕ್ಕೆ ಎರವಾಗಬಹುದು, ಹೊಲಿದ ಜಾಗ ಸೋರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. "ಆದ್ರ ಇವರು ಹಿಂಗ ಇದ್ರೂ ಅಪಾಯ ಐತ್ರಿ, ಅದನ್ನೂ ನಿಮ್ಮ ವಹಿಯೊಳಗ ಬರಕೋರಿ" ಎಂದರು. ಬರೆದುಕೊಂಡೆ. ಆ ಎರಡು ಸಾಲು ಎದುರುಬದುರು ಪುಟದಲ್ಲಿವೆ.

ಈಗ ಮೊಮ್ಮಗನ ಪ್ರಶ್ನೆ. ಹೊಟ್ಟೆಯನ್ನು ತೆಗೆದು ಒಗೆಯುತ್ತಾರೆಯೇ?

ಬೈಪಾಸಿನಲ್ಲಿ ಇಲ್ಲ. ಜಠರ ಒಂದು ಚರ್ಮದ ಚೀಲವಿದ್ದಂತೆ, ತುಂಬಿದರೆ ಲೀಟರಿಗೂ ಮೇಲೆ ಹಿಡಿಯುತ್ತದೆ. ಅದರ ಮೇಲ್ತುದಿಯಲ್ಲಿ ಕೋಳಿಮೊಟ್ಟೆಯಷ್ಟು, ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರೆ ಮಾಡುತ್ತಾರೆ. ಉಳಿದ ದೊಡ್ಡ ಭಾಗ ಒಳಗೇ ಇರುತ್ತದೆ, ತನ್ನ ರಸವನ್ನು ತಯಾರಿಸುತ್ತಲೂ ಇರುತ್ತದೆ, ಆದರೆ ಅದಕ್ಕೆ ಅನ್ನದ ದರ್ಶನವಿಲ್ಲ. ಆಮೇಲೆ ಸುಮಾರು 20 ಅಡಿ ಉದ್ದದ ಸಣ್ಣ ಕರುಳನ್ನು ಶುರುವಿನ ಹತ್ತಿರ ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಈ ಪುಟ್ಟ ಚೀಲಕ್ಕೆ ಹೊಲಿಯುತ್ತಾರೆ. ಇನ್ನೊಂದು ತುದಿಯನ್ನು ನಾಲ್ಕೈದು ಅಡಿ ಕೆಳಗೆ ಕರುಳಿಗೆ ಕೂಡಿಸುತ್ತಾರೆ. ನಮ್ಮ ಚಿಕ್ಕೋಡಿ ತಾಲೂಕಿನಲ್ಲಿ ದೂಧಗಂಗೆ ಬಂದು ಕೃಷ್ಣೆಯನ್ನು ಕೂಡುತ್ತಾಳಲ್ಲ, ಹಾಗೆ. ಒಂದು ಹೊಳೆಯಲ್ಲಿ ಅನ್ನ ಬರುತ್ತದೆ, ಇನ್ನೊಂದರಲ್ಲಿ ಪಿತ್ತ ಮತ್ತು ಜೀರ್ಣರಸಗಳು ಬರುತ್ತವೆ. ಸಂಗಮದಲ್ಲಿ ಕೂಡಿದ ಮೇಲೆಯೇ ಪೂರ್ತಿ ಜೀರ್ಣ. ನಕಾಶೆಯಲ್ಲಿ ನೋಡಿದರೆ ಇಂಗ್ಲಿಷಿನ ವೈ ಅಕ್ಷರ. ಇಂಥ ಜೋಡಣೆಯನ್ನು ನೂರು ವರ್ಷಕ್ಕೂ ಹಿಂದೆ ಬೇರೆ ಕಾಯಿಲೆಗಾಗಿ ರೂಢಿಗೆ ತಂದವನು ಸೆಸಾರ್ ರೂ ಎಂಬ ಸ್ವಿಸ್ ಸರ್ಜನ್. ನಿಪ್ಪಾಣಿಯ ಮಕ್ಕಳಿಗೆ ಇನ್ನೂ ಸಲೀಸು. ಊರೊಳಗಿನ ಹಳೆಯ ಪಿ.ಬಿ. ರೋಡ್ ಇದ್ದ ಹಾಗೇ ಇದೆ, ಲಾರಿಗಳು ಮಾತ್ರ ಹೊರಗಿನ ಹೆದ್ದಾರಿಯಲ್ಲಿ ಹೋಗುತ್ತವೆ.

ಹೊಟ್ಟೆಯ ಮುಕ್ಕಾಲು ಪಾಲನ್ನು ನಿಜವಾಗಿಯೂ ತೆಗೆದುಬಿಡುವ ಇನ್ನೊಂದು ಆಪರೇಶನ್ ಇದೆ, ಅದಕ್ಕೆ ಸ್ಲೀವ್ ಎನ್ನುತ್ತಾರೆ. ಅಂಗಿಯ ತೋಳಿನಂಥ ಕೊಳವೆಯಷ್ಟೇ ಉಳಿಯುತ್ತದೆ. ಯಾರಿಗೆ ಯಾವುದು ಎಂಬುದು ಡಾಕ್ಟರ ತೀರ್ಮಾನ. ಅಳಿಯನಿಗೆ ಸಕ್ಕರೆ ಕಾಯಿಲೆ ಜೋರಾಗಿತ್ತು, ಎದೆಯುರಿಯೂ ಇತ್ತು, ಅದಕ್ಕೆ ಬೈಪಾಸ್.

ಈ ಬೈಪಾಸನ್ನು ಬೊಜ್ಜಿಗಾಗಿ ಮೊದಲು ಮಾಡಿದ್ದು 1966ರಲ್ಲಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ. ಹುಣ್ಣಿನ ಕಾಯಿಲೆಗೆ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ನೋಡಿ ಹೊಳೆದ ವಿಚಾರ ಅದು. ಆಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. 1994ರ ಹೊತ್ತಿಗೆ ಸಣ್ಣ ತೂತುಗಳಿಂದ ದುರ್ಬೀನು ಇಳಿಸಿ ಮಾಡುವುದು ಶುರುವಾಯಿತು. ಅಳಿಯನ ಹೊಟ್ಟೆಯ ಮೇಲೆ ಈಗ ಐದು ಸಣ್ಣ ಗುರುತುಗಳಿವೆ, ಅಷ್ಟೆ. ನಮ್ಮ ರಾಜಕಾರಣಿಗಳಲ್ಲೂ ತೂಕಕ್ಕಾಗಿ ಆಪರೇಶನ್ ಮಾಡಿಸಿಕೊಂಡವರಿದ್ದಾರೆ. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಅರುಣ್ ಜೇಟ್ಲಿ. ಈ ಹೆಸರುಗಳನ್ನು ಹೇಳಿದ ಮೇಲೆಯೇ ಅಕ್ಕ ಒಂದು ತುತ್ತು ಉಂಡಳು. ದೊಡ್ಡವರು ಮಾಡಿದರೆ ನಮಗೆ ಧೈರ್ಯ, ಏನು ಮಾಡುವುದು!

ನನಗೆ ಬಹಳ ಬೆರಗಾದ ಸಂಗತಿ ಇದು. ಚೀಲ ಸಣ್ಣದಾಯಿತು, ಕಡಿಮೆ ಉಣ್ಣುತ್ತಾನೆ, ಅದಕ್ಕೆ ತೂಕ ಇಳಿಯುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಆದರೆ ಅನ್ನ ಬೇಗನೆ ಕೆಳಗಿನ ಕರುಳಿಗೆ ಮುಟ್ಟಿದಾಗ ಅಲ್ಲಿಂದ 'ಸಾಕು' ಎನ್ನುವ ಹಾರ್ಮೋನುಗಳು ಜೋರಾಗಿ ಹೊರಡುತ್ತವೆ. ಅವುಗಳಲ್ಲಿ ಜಿ.ಎಲ್.ಪಿ.-1 ಎಂಬುದು ಇನ್ಸುಲಿನ್ನಿಗೂ ಒತ್ತಾಸೆ ಕೊಡುತ್ತದೆ. ಹಾಗಾಗಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಅನೇಕರಿಗೆ ಸಕ್ಕರೆ ಹತೋಟಿಗೆ ಬರುತ್ತದೆ. ವಾಲ್ಟರ್ ಪೋರಿಸ್ ಎಂಬ ಅಮೆರಿಕದ ಸರ್ಜನ್ ತಮ್ಮ ರೋಗಿಗಳಲ್ಲಿ ಇದನ್ನು ಕಂಡು 1995ರಲ್ಲಿ ಬರೆದಾಗ ಇಡೀ ವೈದ್ಯಲೋಕವೇ ಚಕಿತವಾಯಿತಂತೆ. 2025ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳು ಇದೇ ಹಾರ್ಮೋನಿನ ನಕಲು. ಈಗಾಗಿದ್ದರೆ ಅಳಿಯನಿಗೂ ಮೊದಲು ಅವನ್ನೇ ಕೊಟ್ಟು ನೋಡುತ್ತಿದ್ದರೋ ಏನೋ.

ಹಣದ ಮಾತು ಬಿ.ಕಾಂ. ಓದಿದವನು ಬಿಡುವುದುಂಟೇ? ಖರ್ಚು ಲಕ್ಷಗಳಲ್ಲಿ. ಆರೋಗ್ಯ ವಿಮೆಯಲ್ಲಿ ಬೊಜ್ಜಿನ ಆಪರೇಶನ್ ಬರುವುದೇ ಇಲ್ಲ ಎಂದು ಏಜೆಂಟ ಹೇಳಿದ್ದ. ನಾನು ಪಾಲಿಸಿಯ ಸಣ್ಣಕ್ಷರಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿದೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಬಂದಿತ್ತು. ವೈದ್ಯರ ಸಲಹೆ ಇದ್ದು, 18 ದಾಟಿದವನಾಗಿ, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಗಟ್ಟಿ ಕಾಯಿಲೆಗಳಿದ್ದು ಬೇರೆ ಉಪಾಯ ಫಲಿಸದಿದ್ದರೆ, ಅದನ್ನು ಬೊಜ್ಜೆಂದು ತಳ್ಳಿಹಾಕುವಂತಿರಲಿಲ್ಲ. ಪಾಲಿಸಿ ನಾಲ್ಕು ವರ್ಷ ಹಳೆಯದಿತ್ತು, ದೊಡ್ಡ ಪಾಲು ಬಂತು.

ಆಪರೇಶನ್ನಿಗೆ ಮುಂಚೆ ಎರಡು ವಾರ ಬರೀ ದ್ರವಾಹಾರ, ಯಕೃತ್ತಿನ ಕೊಬ್ಬು ಇಳಿದು ಸರ್ಜನ್ನರ ಕೈಗೆ ಜಾಗ ಸಿಗಲೆಂದು. ನಿಪ್ಪಾಣಿ ಸೀಮೆಯ ಚಟ, ತಂಬಾಕು, ಅದನ್ನೂ ಬಿಡಿಸಿದರು. ಹೊಗೆ ಸೇದಿದರೆ ಹೊಲಿದ ಜಾಗದಲ್ಲಿ ಹುಣ್ಣಾಗುತ್ತದಂತೆ. 2022ರ ನವೆಂಬರಿನಲ್ಲಿ ಆಪರೇಶನ್ ಆಯಿತು. ನಾಲ್ಕನೇ ದಿನ ನಡೆಯುತ್ತ ಮನೆಗೆ ಬಂದ. ಮೊದಲು ಬೇಳೆಯ ಕಟ್ಟು, ಸೋಸಿದ ಮಜ್ಜಿಗೆ, ಆಮೇಲೆ ಮೆತ್ತನೆಯ ಅನ್ನ, ಒಂದೂವರೆ ತಿಂಗಳಿಗೆ ರೊಟ್ಟಿಯ ಚೂರು. ವಾರದೊಳಗೆ ಇನ್ಸುಲಿನ್ ನಿಂತಿತು. ಒಂದೂವರೆ ವರ್ಷಕ್ಕೆ ತೂಕ 88. ಲೆಕ್ಕ ಹಾಕಿದೆ, ಸರಿಯಾಗಿ ಮೂರರಲ್ಲಿ ಒಂದು ಪಾಲು ಹೋಗಿದೆ. ಬಿ.ಎಂ.ಐ. 31, ಪುಸ್ತಕದ ಪ್ರಕಾರ ಇನ್ನೂ ಬೊಜ್ಜೇ. ಆದರೆ ಗೊರಕೆಯಿಲ್ಲ, ಸಕ್ಕರೆಗೆ ಒಂದೇ ಗುಳಿಗೆ. ನಡುವೆ ಕೂದಲು ಉದುರಿದವು, ತಿರುಗಿ ಬಂದವು. ಹೊಟ್ಟೆಯ ಚರ್ಮ ಜೋತಾಡುತ್ತದೆ. ಅದಕ್ಕವನು ಒಳ್ಳೆಯ ಹೆಸರನ್ನೇ ಇಟ್ಟುಕೊಂಡಿದ್ದಾನೆ, 'ಖಾಲಿ ಗೋಣಿಚೀಲ' ಎಂದು. ನಾನು ನಗಲಿಲ್ಲ.

ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಎರಡು ಸಲ ಹೆದರಿಕೆಯಾಯಿತು. ಒಂದಕ್ಕೆ ಕಾರಣ ಅವನು, ಇನ್ನೊಂದಕ್ಕೆ ನಾನು.

ನನ್ನದನ್ನೇ ಮೊದಲು ಹೇಳುತ್ತೇನೆ. ಆಪರೇಶನ್ನಾಗಿ ಐದು ತಿಂಗಳಿಗೆ ನಮ್ಮ ಮನೆಯಲ್ಲಿ ಒಂದು ಕಾರ್ಯವಿತ್ತು. ಬಂದವರಿಗೆ ಒತ್ತಾಯ ಮಾಡದಿದ್ದರೆ ನಮಗೆ ಉಣಿಸಿದಂತೆಯೇ ಅನ್ನಿಸುವುದಿಲ್ಲವಲ್ಲ. ಅವನು ಕೈ ಅಡ್ಡ ಹಿಡಿದ. "ಒಂದ ಹೋಳಿಗಿಗೆ ಏನ ಆಗಾಂಗಿಲ್ಲ, ಉಣ್ಣೋ" ಎಂದು ನಾನೇ ಬಡಿಸಿ ಮೇಲೆ ಹಾಲು ತುಪ್ಪ ಸುರಿದೆ. ಮಾಮಾ ಬಡಿಸಿದ್ದೆಂದು ಅವನು ಉಂಡ. ಇಪ್ಪತ್ತು ನಿಮಿಷದಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿಕೊಂಡು ನೆಲಕ್ಕೆ ಮಲಗಿಬಿಟ್ಟ. ಅಕ್ಕ ಗೋಳಾಡಿದಳು. ಸಿಹಿ ಪುಟ್ಟ ಚೀಲದಿಂದ ಸರ್ರನೆ ಕರುಳಿಗೆ ಇಳಿದರೆ ಅದು ಶರೀರದ ನೀರನ್ನು ಎಳೆದುಕೊಂಡು ಹೀಗೆ ಮಾಡುತ್ತದೆ, ಮಲಗಿಸಿ, ಸುಧಾರಿಸುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಒಂದು ತಾಸಿಗೆ ಎದ್ದು ಕೂತ. ನನ್ನ ವಹಿಯಲ್ಲಿ ಈ ಮಾತು ಮೊದಲೇ ಇತ್ತು, ನನ್ನದೇ ಅಕ್ಷರದಲ್ಲಿ, ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಅವನ ತಪ್ಪು ಎಂದರೆ ಮೈ ಹಗುರಾಯಿತೆಂದು ಗುಳಿಗೆ ಬಿಟ್ಟದ್ದು. ದಾರಿ ಬದಲಾದ ಹೊಟ್ಟೆ ಕಬ್ಬಿಣ, ಸುಣ್ಣದಂಶ, ಬಿ-12 ಇವನ್ನೆಲ್ಲ ಮೊದಲಿನಂತೆ ಹೀರಿಕೊಳ್ಳುವುದಿಲ್ಲ. ಹೊರಗಿನಿಂದ ಕೊಡಬೇಕು, ಜೀವವಿರುವವರೆಗೆ. ಎಂಟು ತಿಂಗಳು ಬಿಟ್ಟ, ಕಾಲು ಜುಮುಗುಟ್ಟಿ ಚಪ್ಪಲಿ ಕಳಚಿದ್ದೂ ತಿಳಿಯದಂತಾಯಿತು, ಮುಖ ಬಿಳಿಚಿತು. ರಕ್ತ ಪರೀಕ್ಷೆಯಲ್ಲಿ ಬಿ-12 ತಳ ಕಂಡಿತ್ತು. ಇಂಜೆಕ್ಷನ್ ಹಾಕಿಸಿ ಸುಧಾರಿಸಿದ್ದಾನೆ, ಪಾದದ ಜುಮು ಪೂರ್ತಿ ಹೋಗಿಲ್ಲ. ಈಗ ಗುಳಿಗೆಯ ಜವಾಬ್ದಾರಿ ಮಗಳದು. ಹಣೆಯ ಮೇಲೆ ಮೂರು ಹೊಲಿಗೆಯ ಗುರುತಿರುವ ಆ ಹುಡುಗಿ ಬೆಳಗ್ಗೆ ಡಬ್ಬಿ ಹಿಡಿದು ನಿಂತರೆ ಅಪ್ಪ ನುಂಗಲೇಬೇಕು.

ಅಜ್ಜ-ಅಜ್ಜಿಯರಿಗೆ ಒಂದು ಗುಟ್ಟು. ನಮ್ಮ ಮೊಣಕಾಲು ನೋವಿನ ಗುಳಿಗೆಗಳನ್ನು ಮನೆಮಂದಿಗೆಲ್ಲ ಹಂಚುವ ಚಾಳಿ ನಮಗಿದೆ. ಅಳಿಯನಿಗೆ ಬೆನ್ನು ನೋವೆಂದಾಗ ಅಕ್ಕನೂ ತನ್ನದೊಂದನ್ನು ಕೊಡಹೋದಳು. ಬೈಪಾಸ್ ಆದವರಿಗೆ ಅಂಥ ಗುಳಿಗೆಗಳಿಂದ ಒಳಗೆ ಹುಣ್ಣಾಗಿ ರಕ್ತ ಒಸರಬಹುದು. ಡಾಕ್ಟರನ್ನು ಕೇಳದೆ ಕೊಡಬೇಡಿ.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅಳಿಯನ ಬಟ್ಟಲು ಖಾಲಿಯಾಗಿತ್ತು. ಮೊಮ್ಮಗ ತುಂಬಿದ ತಂಬಿಗೆ ತಂದು ಅವನ ಮುಂದಿಟ್ಟ.

"ಈಗಲೇ ಬ್ಯಾಡಪಾ" ಎಂದ ಅಳಿಯ. "ಉಂಡು ಅರ್ಧ ತಾಸಿನ ಮ್ಯಾಲೆ ನೀರು. ಕೂಡಿ ಕುಡದ್ರ ಅನ್ನ ಲಗೂ ಜಾರಿ ಹೋಗತೈತಿ."

ಹುಡುಗ ಗೋಡೆಯ ಗಡಿಯಾರ ನೋಡಿ ತಂಬಿಗೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ. ನಾವು ಕಬ್ಬಿನ ದರದ ಮಾತಿಗೆ ಹೊರಳಿದೆವು. ಅಳಿಯ ಮಾತಿನ ಭರದಲ್ಲಿ ತಂಬಿಗೆಗೆ ಕೈ ಚಾಚಿದ.

"ಇನ್ನೂ ಹನ್ನೆರಡು ಮಿನಿಟ್ ಐತಿ ಮಾಮಾ" ಎಂದು ಅವನು ತಂಬಿಗೆಯನ್ನು ಆಚೆ ಸರಿಸಿದ.